ಕೋಡಿ ಬಿದ್ದು ಎಷ್ಟು ವರ್ಷ ಆಯ್ತು?

2022ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ದಾವಣಗೆರೆಯಿಂದಲೂ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ನಾನೂ ಹೋದೆ. 1933ರಲ್ಲಿ ಒಮ್ಮೆ ಬಿದ್ದಿತ್ತು, ಆಮೇಲೆ 89 ವರ್ಷಕ್ಕೆ ಮತ್ತೆ. ಎಲ್ಲರೂ ಸೆಲ್ಫಿಯಲ್ಲಿದ್ದರು. ನೀರು ಪರೀಕ್ಷೆ ಮಾಡುವ ನನ್ನ ತಲೆ ಮಾತ್ರ ಬೇರೆ ಕಡೆ ಓಡುತ್ತಿತ್ತು. ಇಷ್ಟು ವರ್ಷವೂ ಕಾಲುವೆಗೆ ನೀರು ಹೋಗಿದೆ, ಬಿಸಿಲಿಗೆ ಆವಿಯೂ ಆಗಿದೆ, ನಿಜ. ಆದರೆ ಆವಿಯಾಗುವುದು ಬರೀ ನೀರು. ಅದರಲ್ಲಿ ಕರಗಿದ್ದೆಲ್ಲ ಹಿಂದೆಯೇ ಉಳಿಯುತ್ತದೆ. ವೇದಾವತಿ ನದಿ ತಂದ ಹೂಳಂತೂ ತಳ ಬಿಟ್ಟು ಕದಲುವುದಿಲ್ಲ.

ಸ್ಯಾಂಪಲ್ ಬಾಟಲಿ ಹಿಡಿದು ನನ್ನ ಲ್ಯಾಬಿಗೆ ಬರುವವರು ಕೇಳುವುದು ಒಂದೇ ಪ್ರಶ್ನೆ: "ನೀರು ಎಷ್ಟು ಕೆಟ್ಟಿದೆ ಸಾರ್?" ನಾನು ತಿರುಗಿ ಕೇಳುವುದೂ ಒಂದೇ: "ಕೆರೆ ಕೋಡಿ ಬಿದ್ದು ಎಷ್ಟು ವರ್ಷ ಆಯ್ತು?" ಹಳೇ ನೀರು ಹೊರಗೆ ಹರಿದು ಹೋಗುವುದು ಕೋಡಿ ಬಿದ್ದಾಗಲೇ ಅಲ್ವಾ. ಈ ಪ್ರಶ್ನೆಯನ್ನು ಕೆಲವು ಕಡಲುಗಳಿಗೂ ಕೇಳಬೇಕು ಅಂದರೆ ನಗಬೇಡಿ.

ಕಡಲು ಅಂದರೆ ನಮಗೆ ನೆನಪಾಗುವುದು ಮಲ್ಪೆ, ಕಾರವಾರ. ಕಣ್ಣು ಹಾಯಿಸಿದಷ್ಟೂ ನೀರು. ಎಲ್ಲ ಕಡಲೂ ಹಾಗಿಲ್ಲ. ಯುರೋಪಿನ ಬಾಲ್ಟಿಕ್ ಸಮುದ್ರದ ನಕ್ಷೆ ನೋಡಿ. ಸುತ್ತಲೂ ಒಂಬತ್ತು ದೇಶ, ಡೆನ್ಮಾರ್ಕಿನ ಹತ್ತಿರ ಮಾತ್ರ ಇಕ್ಕಟ್ಟಾದ ಬಾಯಿ. ಅದೇ ಅದರ ಕೋಡಿ. ವಿಸ್ತಾರ ಸುಮಾರು 4 ಲಕ್ಷ ಚದರ ಕಿಲೋಮೀಟರ್, ಅಂದರೆ ಎರಡು ಕರ್ನಾಟಕ ಮುಳುಗಿಸುವಷ್ಟು. ಸರಾಸರಿ ಆಳ ಮಾತ್ರ 55 ಮೀಟರ್ ಆಸುಪಾಸು. ಅಲ್ಲಿಯ ನೀರು ಪೂರ್ತಿ ಬದಲಾಗಲು ಹತ್ತಿರ ಹತ್ತಿರ 30 ವರ್ಷ ಬೇಕು. ಇವತ್ತು ಬಿದ್ದ ಗೊಬ್ಬರದ ನೀರನ್ನು ಮುಂದಿನ ತಲೆಮಾರಿನ ಮೀನು ಕುಡಿಯುತ್ತದೆ.

ಗೊಬ್ಬರ ಮೀನನ್ನು ಹೇಗೆ ಕೊಲ್ಲುತ್ತದೆ ಅಂತ ತಿಳಿಯಲು ಬಾಲ್ಟಿಕ್‌ಗೆ ಹೋಗಬೇಕಾಗಿಲ್ಲ. ಹೋದ ವರ್ಷ ಭದ್ರಾ ಅಚ್ಚುಕಟ್ಟಿನ ತುದಿಯ ಒಂದು ಕೆರೆಯಿಂದ ನಸುಕಿನಲ್ಲೇ ಫೋನ್ ಬಂತು. ಮೀನು ಗುತ್ತಿಗೆ ಹಿಡಿದವರು. "ಕಾಟ್ಲಾ ಎಲ್ಲಾ ಮೇಲೆ ಬಂದು ಬಾಯಿ ಬಿಡ್ತಾ ಇದಾವೆ ಸಾರ್, ಯಾರೋ ಆಗದವರು ವಿಷ ಹಾಕಿದಾರೆ." ಹೋಗಿ ಮೀಟರ್ ಇಳಿಬಿಟ್ಟೆ. ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕವೂ ಇರಲಿಲ್ಲ. ಕಾಟ್ಲಾ ಆರಾಮಾಗಿ ಇರಬೇಕಾದರೆ 5 ಆದರೂ ಬೇಕು. ಭತ್ತದ ಗದ್ದೆಯ ಬಸಿ ನೀರು ಯೂರಿಯಾ, ಡಿಎಪಿ ಹೊತ್ತುಕೊಂಡು ಕೆರೆಗೆ ಬಂದಿತ್ತು. ಅದನ್ನು ತಿಂದು ಪಾಚಿ ಕೊಬ್ಬಿತ್ತು. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ತೆಗೆದುಕೊಳ್ಳುತ್ತದೆ. ಸತ್ತು ತಳ ಸೇರಿದ್ದನ್ನು ಕೊಳೆಸುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಹೀರುತ್ತವೆ. ಅದಕ್ಕೇ ಇಂಥ ಕೆರೆಗಳಲ್ಲಿ ಮೀನು ಸಾಯುವುದು ಬೆಳಗಿನ ಜಾವ. ವಿಷ ಹಾಕಿದವರನ್ನು ಹುಡುಕುವುದು ಸುಮ್ನೆ ದಂಡ.

ಬಾಲ್ಟಿಕ್‌ನಲ್ಲಿ ಇದರ ಜೊತೆ ಇನ್ನೊಂದು ತೊಂದರೆ. ಹೊರಗಿನಿಂದ ಬರುವ ಉಪ್ಪುನೀರು ಭಾರ, ಅದು ತಳಕ್ಕಿಳಿಯುತ್ತದೆ. ನದಿಗಳ ಸಿಹಿನೀರು ಹಗುರ, ಮೇಲೆಯೇ ನಿಲ್ಲುತ್ತದೆ. ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ಗಾಳಿಯ ಆಮ್ಲಜನಕ ತಳಕ್ಕೆ ಮುಟ್ಟುವುದಿಲ್ಲ. ಆಮ್ಲಜನಕ ಇರುವ ತನಕ ಹೂಳಿನಲ್ಲಿರುವ ಕಬ್ಬಿಣವು ಗೊಬ್ಬರದ ಜೊತೆ ಬಂದ ರಂಜಕವನ್ನು (ಫಾಸ್ಫರಸ್) ಕಟ್ಟಿ ಹಾಕಿರುತ್ತದೆ. ಅದು ಮುಗಿದ ಕೂಡಲೇ ಕಟ್ಟು ಬಿಚ್ಚುತ್ತದೆ, ಹಳೇ ರಂಜಕ ಮತ್ತೆ ನೀರಿಗೆ ಬರುತ್ತದೆ. ಹೊಸ ಗೊಬ್ಬರ ಒಂದು ಹಿಡಿ ಬೀಳದಿದ್ದರೂ ಪಾಚಿಗೆ ಊಟ ರೆಡಿ. ಶೀತಲ ಸಮರದ ನಡುವೆಯೇ, 1974ರಲ್ಲಿ, ಎರಡೂ ಬಣದ ದೇಶಗಳು ಹೆಲ್ಸಿಂಕಿಯಲ್ಲಿ ಕೂತು ಈ ಕಡಲನ್ನು ಉಳಿಸುವ ಒಪ್ಪಂದ ಮಾಡಿಕೊಂಡವು. ಆಮೇಲೆ ಹೊರಗಿನಿಂದ ಬರುವ ರಂಜಕ, ಸಾರಜನಕ ಎರಡೂ ಇಳಿದಿವೆ. ತಳದ ಉಸಿರುಗಟ್ಟು ಮಾತ್ರ ಇನ್ನೂ ಹೋಗಿಲ್ಲ. ಇದನ್ನು ಸೋಲು ಅನ್ನುವವರ ಜೊತೆ ನನಗೆ ಜಗಳ ಇದೆ. ಹೂಳಿನ ಲೆಕ್ಕ ತೀರಬೇಕಲ್ಲ!

ಕಪ್ಪು ಸಮುದ್ರದ ವಾಯವ್ಯ ದಂಡೆಯಲ್ಲಿ ಬೇರೆಯೇ ಆಯಿತು. ಅಲ್ಲಿ ನೀರು ಆಳ ಇಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಸುತ್ತಲಿನ ರೈತರಿಗೆ ಗೊಬ್ಬರ ಕೊಳ್ಳಲು ದುಡ್ಡೇ ಇರಲಿಲ್ಲ. 1990ರ ದಶಕ ಮುಗಿಯುವಷ್ಟರಲ್ಲಿ ಆ ದಂಡೆ ಎಷ್ಟೋ ಚೇತರಿಸಿಕೊಂಡಿತು. ಯಾವ ಇಲಾಖೆಯೂ ಯೋಜನೆ ಹಾಕಿರಲಿಲ್ಲ.

ಅಮೆರಿಕದ ಚೆಸಪೀಕ್ ಕೊಲ್ಲಿಗೆ ಆರು ರಾಜ್ಯಗಳ ನೀರು ಬರುತ್ತದೆ. 2010ರಲ್ಲಿ ರಾಜ್ಯವಾರು ಮಿತಿ ಹಾಕಿದರು: ಸಾರಜನಕ ಇಷ್ಟು, ರಂಜಕ ಇಷ್ಟು, ಮಣ್ಣು ಇಷ್ಟು. ದೂರದ ನ್ಯೂಯಾರ್ಕ್ ರಾಜ್ಯದ ಹಸು ಸಾಕುವವರು ಆ ಕೊಲ್ಲಿಯನ್ನು ಕಂಡೇ ಇರಲಿಕ್ಕಿಲ್ಲ. ನಮ್ಮ ಬಸಿ ನೀರು ತುಂಗಭದ್ರೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ ಅಂತ ನಾವೂ ನೆನೆಸಿಕೊಳ್ಳುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಇಷ್ಟವಾದ ಕಥೆ ಜಪಾನಿನ ಸೆಟೊ ಒಳಗಡಲಿನದು. 1972ರಲ್ಲಿ ಅಲ್ಲಿ ಪಾಚಿ ಕೊಬ್ಬಿ ನೀರು ಕೆಂಪಾಗಿ, ಸಾಕಿದ್ದ ಮೀನು 1 ಕೋಟಿ 40 ಲಕ್ಷದಷ್ಟು ಸತ್ತವು. ಮರುವರ್ಷವೇ ವಿಶೇಷ ಕಾನೂನು ಬಂತು. ಕಾರ್ಖಾನೆ, ಚರಂಡಿಗಳಿಗೆ ಕಡಿವಾಣ ಬಿತ್ತು. ನೀರು ತಿಳಿಯಾಯಿತು. ತಿಳಿ ಎಷ್ಟು ಅಂದರೆ, ಕೊನೆಗೆ ನೋರಿ ಎಂಬ ತಿನ್ನುವ ಕಡಲಪಾಚಿಗೆ ಹೊಟ್ಟೆಗೇ ಇಲ್ಲದಂತಾಯಿತು. ಕಪ್ಪಗಿರಬೇಕಾದದ್ದು ಬಿಳಿಚಿಕೊಂಡಿತು, ಬೆಲೆ ಬಿತ್ತು. 2021ರಲ್ಲಿ ಕಾನೂನನ್ನೇ ತಿದ್ದಿ, ಬೇಕಾದ ಕಡೆ ಪೋಷಕಾಂಶ ಬಿಡಲು ದಾರಿ ಮಾಡಿದರು. ಅವಾಜಿ ದ್ವೀಪದಲ್ಲಿ ಕಡಲ ಮೀನುಗಾರರು ರೈತರ ಕೆರೆಗಿಳಿದು, ತಳದ ಕೆಸರು ಕದಡಿ, ತೂಬಿನಿಂದ ಕಡಲಿಗೆ ಬಿಡುತ್ತಾರೆ. ರೈತರಿಗೆ ಕೆರೆ ಹಗುರ, ಮೀನುಗಾರರಿಗೆ ನೋರಿಗೆ ಗೊಬ್ಬರ. ನಾವು ಹೂಳನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತೇವೆ, ಅವರು ಕಡಲಿಗೆ ಹೊಡೆಯುತ್ತಾರೆ.

ಇದನ್ನು ಹೇಳಿದಾಗ ನಮ್ಮ ಕಾಟ್ಲಾ ಗುತ್ತಿಗೆದಾರರು ನಂಬಲಿಲ್ಲ. ಆದರೂ ಕೋಡಿಯ ವಿಷಯ ಊರ ಹಿರಿಯರನ್ನು ಕೇಳಿಕೊಂಡು ಬಂದರು. ಹನ್ನೊಂದು ವರ್ಷವಂತೆ. ಸದ್ಯಕ್ಕೆ ಕೋಳಿ ಗೊಬ್ಬರ ಹಾಕುವುದು ನಿಲ್ಲಿಸಿ, ರಾತ್ರಿ ಹೊತ್ತು ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಓಡಿಸಿ ಅಂದೆ. ಹೂಳು ಎಷ್ಟು ತೆಗೆಯಬೇಕು ಅಂತ ಕೇಳಿದರು. ತೂಬಿನ ಹತ್ತಿರದ್ದು ಒಂದು ಬಾಟಲಿ, ಬಸಿ ಕಾಲುವೆ ಸೇರುವ ಕಡೆಯದು ಒಂದು ಬಾಟಲಿ ಕೆಸರು ತನ್ನಿ, ನೋಡಿ ಹೇಳುತ್ತೇನೆ ಅಂದಿದ್ದೇನೆ.