ಪ್ರಾಸ್ಟೇಟ್ ಬಯಾಪ್ಸಿ: ಕ್ಯಾನ್ಸರ್ ಥರ ಕಾಣೋದೆಲ್ಲ ಕ್ಯಾನ್ಸರ್ ಅಲ್ಲ

ಪ್ರಾಸ್ಟೇಟ್ ಅಂದ್ರೆ ಗಂಡಸರ ಮೂತ್ರಕೋಶದ ಕೆಳಗಿರೋ ಅಂಗ. ಅದರ ಚೂರು ತೆಗೆದು ಪರೀಕ್ಷೆ ಮಾಡೋ ಬಯಾಪ್ಸಿ ರಿಪೋರ್ಟಲ್ಲಿ "ಅನುಮಾನ ಇದೆ, ಆದ್ರೆ ಕ್ಯಾನ್ಸರ್ ಅಂತ ಖಚಿತವಾಗಿ ಹೇಳಕ್ಕಾಗಲ್ಲ" ಅಂತ ಬಂದ್ರೆ ತುಂಬಾ ಜನ ಲ್ಯಾಬ್‌ನೋರ ಮೇಲೆ ಸಿಟ್ಟಾಗ್ತಾರೆ. ನನ್ ಪ್ರಕಾರ ಅದು ಪ್ರಾಮಾಣಿಕ ಉತ್ತರ, ಅಲ್ಲಿಗೆ ಬರಕ್ಕೆ ದಶಕಗಳೇ ಹಿಡಿದಿವೆ.

1966ರಲ್ಲಿ ಅಮೆರಿಕದ ಪೆಥಾಲಜಿಸ್ಟ್ (ಟಿಶ್ಯೂನ ಮೈಕ್ರೋಸ್ಕೋಪಲ್ಲಿ ನೋಡೋ ಡಾಕ್ಟರ್) ಡೊನಾಲ್ಡ್ ಗ್ಲೀಸನ್ ಪ್ರಾಸ್ಟೇಟ್ ಒಳಗಿನ ಸಣ್ಣ ಗ್ರಂಥಿಗಳ ಜೋಡಣೆ ನೋಡಿ ಕ್ಯಾನ್ಸರ್‌ಗೆ 1ರಿಂದ 5ರವರೆಗೆ (5 ಅಂದ್ರೆ ಅತಿ ಕೆಟ್ಟದ್ದು) ಗ್ರೇಡ್ ಕೊಡೋ ಪದ್ಧತಿ ತಂದ್ರು. ಆಗೆಲ್ಲ ಡಾಕ್ಟರ್ ಗುದದ್ವಾರದಿಂದ ಮುಟ್ಟಿ ನೋಡಿದಾಗ ಬೆರಳಿಗೆ ಗಡ್ಡೆ ಸಿಕ್ಕಿದ್ರೇನೇ ಬಯಾಪ್ಸಿ. 1980ರ ದಶಕದ ಕೊನೇಲಿ ಪಿಎಸ್‌ಎ ಅನ್ನೋ ರಕ್ತದ ಟೆಸ್ಟ್ ಬಂತು, ಅಲ್ಟ್ರಾಸೌಂಡ್ ನೋಡ್ಕೊಂಡು 18 ಗೇಜ್ ಸೂಜೀಲಿ ಹಲವು ಕಡೆಯಿಂದ ಟಿಶ್ಯೂ ತೆಗೆಯೋದು ಶುರುವಾಯ್ತು, ಅಲ್ಲಿಂದ ಪೆಥಾಲಜಿಸ್ಟ್ ಮುಂದೆ ಬರೋದು ಒಂದು ಮಿಲಿಮೀಟರ್ ದಪ್ಪಾನೂ ಇಲ್ದಿರೋ ಎಳೆ, ಅದ್ರಲ್ಲಿ ಕೆಲವೊಮ್ಮೆ ಅನುಮಾನದ ಗ್ರಂಥಿ ನಾಲ್ಕೈದೇ.

ಆ ನಾಲ್ಕೈದರಲ್ಲೇ ಎಲ್ಲಾ ತೀರ್ಮಾನ ಆಗ್ಬೇಕು. ನಾರ್ಮಲ್ ಗ್ರಂಥಿ ಸುತ್ತ ಬೇಸಲ್ ಕೋಶಗಳ ಪದರ ಇರತ್ತೆ, ಮಾಮೂಲಿ ಕ್ಯಾನ್ಸರಲ್ಲಿ ಇರಲ್ಲ. ಆದ್ರೆ ವಯಸ್ಸಿಗೋ ಉರಿಯೂತಕ್ಕೋ ಸೊರಗಿದ ಗ್ರಂಥಿಗಳು, ಅಂದ್ರೆ ಅಟ್ರೋಫಿ, ಚಿಕ್ಕದಾಗಿ ಮುದುಡ್ಕೊಂಡು ಥೇಟ್ ಕ್ಯಾನ್ಸರ್ ಥರಾನೇ ಕಾಣ್ತವೆ. ಅಡಿನೋಸಿಸ್ ಅಂತ ಇನ್ನೊಂದು, ಕ್ಯಾನ್ಸರ್ ಅಲ್ಲದ ಸಣ್ಣ ಗ್ರಂಥಿಗಳ ಗುಂಪು. ಸೂಜಿ ತಪ್ಪಿ ಪ್ರಾಸ್ಟೇಟ್ ಪಕ್ಕದ ವೀರ್ಯಕೋಶಕ್ಕೆ ತಾಗಿದ್ರಂತೂ ಅಲ್ಲಿನ ಕೋಶಗಳ ನ್ಯೂಕ್ಲಿಯಸ್‌ಗಳು ಇಷ್ಟು ದೊಡ್ಡದಾಗಿ ವಿಕಾರವಾಗಿರ್ತವೆ ಅಂದ್ರೆ ಹೊಸಬರು ಗಾಬರಿ ಬೀಳ್ತಾರೆ, ಒಳಗಿರೋ ಹೊಂಗಂದು ಬಣ್ಣದ ಪಿಗ್ಮೆಂಟ್ ನೋಡಿದ್ಮೇಲೆ ಸಮಾಧಾನ. ಗ್ಲೀಸನ್ 1 ಅಂತ ಹಿಂದೆ ಬರೆದಿದ್ದು ಎಷ್ಟೋ ಅಡಿನೋಸಿಸ್ ಆಗಿದ್ದಿರಬೇಕು ಅಂತ ಆಮೇಲೆ ತಜ್ಞರೇ ಹೇಳಿದ್ರು, ಇವತ್ತು ಬಯಾಪ್ಸೀಲಿ ಆ ಗ್ರೇಡ್ ಕೊಡೋದೇ ಇಲ್ಲ.

1980ರ ದಶಕದಲ್ಲೇ ಬೇಸಲ್ ಕೋಶ ತೋರ್ಸೋ ಕೆರಾಟಿನ್ ಸ್ಟೇನ್ (ಕೋಶಕ್ಕೆ ಹಿಡಿಸೋ ಬಣ್ಣ) ಬಂದಿತ್ತು, 2000ದ ಆಸುಪಾಸಲ್ಲಿ ಅದೇ ಕೆಲ್ಸದ ಪಿ63, ಆಮೇಲೆ ಕ್ಯಾನ್ಸರಲ್ಲಿ ಬಣ್ಣ ಹಿಡಿಯೋ ಎಎಂಎಸಿಆರ್ ಸ್ಟೇನ್. ದೊಡ್ಡ ಸಹಾಯ, ಆದ್ರೆ ಅರ್ಧಂಬರ್ಧ ಅಟ್ರೋಫೀಲಿ ಬೇಸಲ್ ಪದರ ಅಲ್ಲಲ್ಲಿ ಕಾಣಲ್ಲ, ನೆಫ್ರೋಜೆನಿಕ್ ಅಡಿನೋಮಾ ಅನ್ನೋ ನಿರಪಾಯದ ಗಂಟು ಎಎಂಎಸಿಆರ್ ಬಣ್ಣ ಹಿಡಿದುಬಿಡತ್ತೆ. ಹಾಗಾಗಿ ಸ್ಟೇನ್ ಒಂದನ್ನೇ ನಂಬ್ಕೊಂಡು ಹೆಸರಿಡಬಾರ್ದು, ನರದ ಸುತ್ತ ಗ್ರಂಥಿ ಸುತ್ಕೊಂಡಿದ್ಯಾ, ನ್ಯೂಕ್ಲಿಯೋಲಸ್ (ನ್ಯೂಕ್ಲಿಯಸ್ ಒಳಗಿನ ಚುಕ್ಕೆ) ಎದ್ದು ಕಾಣತ್ತಾ ಅಂತ ಮಾಮೂಲಿ ಸ್ಲೈಡಲ್ಲೂ ನೋಡ್ಬೇಕು.

ಇಷ್ಟಾದ್ರೂ ತೀರ್ಮಾನ ಆಗ್ದಿದ್ದಕ್ಕೆ 1990ರ ದಶಕದಲ್ಲಿ ಎಎಸ್‌ಎಪಿ, ಅಂದ್ರೆ ಅನುಮಾನ ಹುಟ್ಟಿಸೋ ಸಣ್ಣ ಗ್ರಂಥಿಗಳ ಗುಂಪು, ಅಂತ ಹೆಸರಿಟ್ರು. ಆ ರಿಪೋರ್ಟ್ ಬಂದೋರು ಆಪರೇಷನ್‌ಗೆ ಓಡೋದೂ ಬೇಡ, ಸುಮ್ನಿರೋದೂ ಬೇಡ. ಅದೇ ಸ್ಲೈಡನ್ನ ಪ್ರಾಸ್ಟೇಟ್ ಜಾಸ್ತಿ ನೋಡೋ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸ್ಬೇಕು, ಮತ್ತೆ ಬಯಾಪ್ಸಿ ಬೇಕಾ, ಎಂಆರ್‌ಐ ಬೇಕಾ ಅಂತ ಯೂರಾಲಜಿಸ್ಟ್ ಹತ್ರ ಕೇಳ್ಬೇಕು. ಬ್ಲಾಕನ್ನ (ಟಿಶ್ಯೂ ಹುದುಗಿಸಿಟ್ಟ ಮೇಣದ ತುಂಡು) ಎರಡನೇ ಸಲ ಕತ್ತರಿಸೋ ಹೊತ್ತಿಗೆ ಆ ನಾಲ್ಕೈದು ಗ್ರಂಥಿ ಮುಗಿದೇ ಹೋಗಿರಬಹುದು, ಅದಕ್ಕೇ ಎಷ್ಟೋ ಲ್ಯಾಬಲ್ಲಿ ಮೊದಲ ಸಲಾನೇ ಸ್ಟೇನ್ ಹಾಕದ ಸ್ಲೈಡ್ ಕೆಲವು ಎತ್ತಿಡ್ತಾರೆ.