ಬೊಜ್ಜಿನ ಲೆಕ್ಕದಲ್ಲಿ ಮನೋಬಲದ ಪಾಲೆಷ್ಟು?

ಬಾಯಿ ಕಟ್ಟಿದರೆ ಬೊಜ್ಜು ತಾನಾಗಿ ಕರಗುತ್ತದೆ ಎನ್ನುವವರಿಗೆ ಒಂದು ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1990ರಿಂದ 2022ರೊಳಗೆ ವಯಸ್ಕರಲ್ಲಿ ಬೊಜ್ಜಿನ ಪ್ರಮಾಣ ಎರಡು ಪಟ್ಟಿಗೂ ಮೀರಿ ಏರಿದೆ. 2022ರಲ್ಲಿ ಜಗತ್ತಿನಲ್ಲಿ ಬೊಜ್ಜಿದ್ದ ವಯಸ್ಕರು ಸುಮಾರು 89 ಕೋಟಿ. ಮೂವತ್ತು ಚಿಲ್ಲರೆ ವರ್ಷಗಳಲ್ಲಿ ದೇಶದೇಶಗಳ ಜನರ ಮನೋಬಲ ಒಟ್ಟೊಟ್ಟಿಗೇ ಕುಸಿಯಿತೇ? ವಂಶವಾಹಿಗಳಂತೂ ಅಷ್ಟು ಬೇಗ ಬದಲಾಗುವುದಿಲ್ಲ.

ಇಲ್ಲಿ ಬೊಜ್ಜು ಎಂದರೆ ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ, 30 ಅಥವಾ ಅದಕ್ಕಿಂತ ಹೆಚ್ಚು. 1.7 ಮೀಟರ್ ಎತ್ತರದವರಿಗೆ ಅದು ಸುಮಾರು 87 ಕೆಜಿ. ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಗುರುತಿಸಲಾರದ ಒರಟು ಅಳತೆ ಇದು. ದೇಶದ ಒಟ್ಟು ಲೆಕ್ಕಕ್ಕೆ ಸಾಲುತ್ತದೆ, ಅಷ್ಟೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ಮಾಡಿದ ಪ್ರಯೋಗದ ವರದಿ 2019ರಲ್ಲಿ ಬಂತು. ಇಪ್ಪತ್ತು ಮಂದಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ತಿನಿಸುಗಳಂಥ) ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವೂ ಸರಿಸುಮಾರು ಸಮ. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಎಂದರು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು, ಎರಡೇ ವಾರಗಳಲ್ಲಿ ಸರಾಸರಿ 0.9 ಕೆಜಿ ಏರಿದರು. ಸಾದಾ ಊಟದಲ್ಲಿ ಅಷ್ಟೇ ಇಳಿದರು. ಪ್ರಯೋಗ ಚಿಕ್ಕದು, ನಿಜ. ಆದರೂ ಆಹಾರ ಬದಲಾದ ಮಾತ್ರಕ್ಕೆ ಅದೇ ಹೊಟ್ಟೆ ಬೇರೆ ಲೆಕ್ಕ ಕೇಳಿತಲ್ಲ!

ಏರಿದ್ದು ಇಳಿಯುವುದು ಯಾಕೆ ಕಷ್ಟ ಎಂಬುದಕ್ಕೆ ಒಂದು ಸುಳಿವು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆಹಚ್ಚಿದ ಲೆಪ್ಟಿನ್. ಕೊಬ್ಬಿನ ಕೋಶಗಳು ಸ್ರವಿಸುವ ಈ ಹಾರ್ಮೋನು ದಾಸ್ತಾನು ಎಷ್ಟಿದೆಯೆಂದು ಮೆದುಳಿಗೆ ವರದಿ ಒಪ್ಪಿಸುತ್ತದೆ. ತೂಕ ಇಳಿದಾಗ ಲೆಪ್ಟಿನ್ ತಗ್ಗುತ್ತದೆ. ಬರಗಾಲ ಬಂತೆಂದು ಬಗೆದ ಮೆದುಳು ಹಸಿವನ್ನು ಕೆರಳಿಸಿ, ದೇಹದ ಶಕ್ತಿಯ ಖರ್ಚನ್ನು ಬಿಗಿಹಿಡಿಯುತ್ತದೆ. ಇಳಿದ ತೂಕ ಮತ್ತೆ ಏರಿದವರನ್ನು ‘ಸೋಮಾರಿ’ ಎಂದು ಹಂಗಿಸುವವರಿಗೆ ಈ ಭಾಗವನ್ನು ಎರಡು ಸಲ ಓದಿಸಬೇಕು.

ಮಧುಮೇಹ, ಹೃದ್ರೋಗ, ಕೆಲವು ಬಗೆಯ ಕ್ಯಾನ್ಸರ್ ಬೆನ್ನಿಗೇ ಇರುವುದರಿಂದ ಸರ್ಕಾರಗಳು ಸುಮ್ಮನಿರುವಂತಿಲ್ಲ. ಚಿಲಿ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಎಚ್ಚರಿಕೆ ಮುದ್ರೆ ಕಡ್ಡಾಯ ಮಾಡಿತು. ಬ್ರಿಟನ್ 2018ರಲ್ಲಿ ತಂಪು ಪಾನೀಯದ ಸಕ್ಕರೆಗೆ ಸುಂಕ ಹಾಕಿತು: 100 ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಮುಟ್ಟಿದರೆ ಇನ್ನೂ ಹೆಚ್ಚು. ಸುಂಕ ಜಾರಿಯಾಗುವ ಮೊದಲೇ ಹಲವು ಕಂಪನಿಗಳು ಸಕ್ಕರೆಯನ್ನು 5 ಗ್ರಾಂಗಿಂತ ಕೆಳಗಿಳಿಸಿದ್ದವು.