ಹೊಸ ಪ್ಯಾಕೇಜ್ ಮ್ಯಾನೇಜರ್ ಬರೆಯಲು ಹೊರಟವರಿಗೆ: ಮೂರು ಹ್ಯಾಶ್‌ಗಳ ಲೆಕ್ಕ

ಕಾಸರಗೋಡಿನ ಶಾಲೆಗಳಲ್ಲಿ ಕೈಟ್‌ನವರ (ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಉಬುಂಟುವಿನಲ್ಲೇ ಕಂಪ್ಯೂಟರ್ ಕಲಿತ ನಮಗೆ ಡೆಬ್ ಫೈಲ್ ಹೊಸತಲ್ಲ. ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಆಗುತ್ತದೆ, ಮುಗೀತು. ಆದರೆ ಒಂದು ಚಿಕ್ಕ ಆಪರೇಟಿಂಗ್ ಸಿಸ್ಟಮ್‌ಗೆ ನಾವೇ ಬೈನರಿ ಪ್ಯಾಕೇಜ್ ಮ್ಯಾನೇಜರ್ (ತಯಾರಾದ ಪ್ರೋಗ್ರಾಂಗಳನ್ನು ಹಾಕುವ, ತೆಗೆಯುವ ಪ್ರೋಗ್ರಾಂ) ಬರೆಯಲು ಕೂತರೆ ಆ ಕ್ಲಿಕ್ಕಿನ ಹಿಂದೆ ಎಷ್ಟು ತೀರ್ಮಾನಗಳಿವೆ ಅಂತ ಗೊತ್ತಾಗುತ್ತದೆ. ಬದಿಯಡ್ಕ, ಕುಂಬಳೆ ಕಡೆಯ ನಮ್ಮ ಓದುವ ಗುಂಪಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಟಾರ್ ಫೈಲ್ ಅಂದರೇನು, ಹ್ಯಾಶ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ.

ಪ್ಯಾಕೇಜಿನ ಒಳಗೆ

ಡೆಬ್ ಫೈಲ್ ಬಿಚ್ಚಿ ನೋಡಿ. ಒಳಗೆ ಮೂರು ಫೈಲ್ ಇರುತ್ತವೆ: ಫಾರ್ಮ್ಯಾಟ್ ನಂಬರ್, ಆಮೇಲೆ ಹೆಸರು, ವರ್ಷನ್, ಡಿಪೆಂಡೆನ್ಸಿ (ಇದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು) ಇರುವ ಕಂಟ್ರೋಲ್ ಟಾರ್, ಕೊನೆಗೆ ನಿಜವಾದ ಫೈಲುಗಳ ಡೇಟಾ ಟಾರ್. ಈ ಕ್ರಮ ಸುಮ್ನೆ ಇಟ್ಟದ್ದಲ್ಲ. ದೊಡ್ಡ ಡೇಟಾವನ್ನು ಮುಟ್ಟದೆಯೇ ಮೊದಲಿನ ಸ್ವಲ್ಪ ಭಾಗ ಓದಿ ಪ್ಯಾಕೇಜ್ ಏನು ಅಂತ ತಿಳಿಯಬಹುದು. ನಾವೂ ಹಾಗೇ ಮಾಡೋಣ.

ಕಂಪ್ರೆಶನ್‌ಗೆ ಝೆಡ್‌ಸ್ಟ್ಯಾಂಡರ್ಡ್ ಸಾಕು. ಆರ್ಚ್ ಲಿನಕ್ಸ್ ಎಕ್ಸ್‌ಝೆಡ್ ಬಿಟ್ಟು ಇದಕ್ಕೆ ಬಂದಾಗ ಪ್ಯಾಕೇಜುಗಳ ಒಟ್ಟು ಗಾತ್ರ ಸುಮಾರು 0.8% ಜಾಸ್ತಿಯಾಯಿತು, ಬಿಚ್ಚುವ ವೇಗ ಸುಮಾರು 1300% ಏರಿತು. ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ.

ವರ್ಷನ್, ಡಿಪೆಂಡೆನ್ಸಿ

1.10 ದೊಡ್ಡದು, 1.9 ಚಿಕ್ಕದು. ಅಕ್ಷರಗಳಂತೆ ಹೋಲಿಸಿದರೆ ಉಲ್ಟಾ ಬರುತ್ತದೆ, ಹಾಗಾಗಿ ಅಂಕಿಗಳ ತುಂಡುಗಳನ್ನು ಸಂಖ್ಯೆಯಾಗಿಯೇ ಹೋಲಿಸಬೇಕು. ಉಬುಂಟುವಿನ ಮೂಲವಾದ ಡೆಬಿಯನ್‌ನ ಒಂದು ಉಪಾಯ ನನಗೆ ತುಂಬ ಇಷ್ಟ: ~ ಗುರುತು ಎಲ್ಲಕ್ಕಿಂತ ಚಿಕ್ಕದು, ಏನೂ ಇಲ್ಲದ್ದಕ್ಕಿಂತಲೂ ಚಿಕ್ಕದು. ಆದ್ದರಿಂದ 2.0~ಬೀಟಾ ಅನ್ನುವುದು 2.0ಕ್ಕಿಂತ ಮೊದಲು ಬರುತ್ತದೆ. ಬೀಟಾ ಹಾಕಿಕೊಂಡವರಿಗೆ ಅಸಲಿ ಬಂದಾಗ ಅಪ್‌ಗ್ರೇಡ್ ತಾನಾಗಿಯೇ ಸಿಗುತ್ತದೆ.

ಡಿಪೆಂಡೆನ್ಸಿ ಬಿಡಿಸುವುದು ಎನ್‌ಪಿ-ಕಂಪ್ಲೀಟ್ ಸಮಸ್ಯೆ, ಅಂದರೆ ಯಾವಾಗಲೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲ. ಹೆದರಬೇಡಿ. ಝಿಪ್ಪರ್, ಡಿಎನ್‌ಎಫ್ ಎಂಬ ಪ್ಯಾಕೇಜ್ ಮ್ಯಾನೇಜರುಗಳೆರಡೂ ಲಿಬ್‌ಸಾಲ್ವ್ ಎಂಬ ಲೈಬ್ರರಿ ಬಳಸುತ್ತವೆ. ನಾವೂ ಅದನ್ನೇ ತಂದುಕೊಳ್ಳೋಣ. ಸ್ವಂತ ಸಾಲ್ವರ್ ಬರೆಯುವ ಉಮೇದು ಈಗ ಬೇಡ ಅಂತ ನನ್ನ ಅಭಿಪ್ರಾಯ.

ನಡುವೆ ಕರೆಂಟು ಹೋದರೆ

ಆಟಿ ತಿಂಗಳ ಮಳೆಯಲ್ಲಿ ನಮ್ಮೂರಿನ ಕರೆಂಟನ್ನು ನಂಬುವ ಹಾಗಿಲ್ಲ, ಅಲ್ವಾ? ಅಪ್‌ಗ್ರೇಡ್ ಅರ್ಧಕ್ಕೆ ನಿಂತೇ ನಿಲ್ಲುತ್ತದೆ ಅಂದುಕೊಂಡೇ ಡಿಸೈನ್ ಮಾಡಬೇಕು. ಹಳೆಯ ಫೈಲಿನ ಮೇಲೆ ನೇರವಾಗಿ ಬರೆಯಬಾರದು. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ನಿಜವಾಗಿ ಡಿಸ್ಕಿಗೆ ಹೋಗುವಂತೆ ಮಾಡಿ), ಆಮೇಲೆ ರೀನೇಮ್ ಮಾಡಬೇಕು. ಒಂದೇ ಫೈಲ್‌ಸಿಸ್ಟಮ್ ಒಳಗೆ ರೀನೇಮ್ ಅರ್ಧ ಆಗುವುದಿಲ್ಲ: ಆ ಹೆಸರಿನಲ್ಲಿ ಹಳೆಯದು ಇರುತ್ತದೆ, ಇಲ್ಲವೇ ಹೊಸದು. ಬೇರೆ ಪಾರ್ಟಿಶನ್ನಿನ ಟೆಂಪ್ ಫೋಲ್ಡರಿನಲ್ಲಿ ಬರೆದಿಟ್ಟರೆ ಈ ಭರವಸೆ ಸಿಗುವುದಿಲ್ಲ.

ಇದು ಒಂದು ಫೈಲಿನ ಮಾತಾಯಿತು. ಇಡೀ ಪ್ಯಾಕೇಜು ಯಾವ ಹಂತದಲ್ಲಿದೆ ಅಂತ ಡೇಟಾಬೇಸಿನಲ್ಲೂ ಬರೆಯುತ್ತಾ ಹೋಗಬೇಕು. ಡೆಬ್ ಫೈಲ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿಯಲ್ಲಿ ಅರ್ಧ ಇನ್‌ಸ್ಟಾಲ್, ಬಿಚ್ಚಿ ಆಗಿದೆ, ಅರ್ಧ ಕಾನ್ಫಿಗರ್, ಪೂರ್ತಿ ಹೀಗೆ ಬೇರೆ ಬೇರೆ ಸ್ಥಿತಿಗಳಿವೆ. ಕರೆಂಟು ಬಂದ ಮೇಲೆ ಎಲ್ಲಿಂದ ಮುಂದುವರಿಯಬೇಕು ಅಂತ ಅದರಿಂದಲೇ ತಿಳಿಯುವುದು.

ಸೆಟ್ಟಿಂಗ್ ಫೈಲ್: ನನ್ನ ತಲೆ ತಿಂದ ಭಾಗ

ಒಂದು ಶಾಲೆಯ ಲ್ಯಾಬಿನಲ್ಲಿ ಪ್ರಾಕ್ಸಿ ಸರ್ವರ್ (ಲ್ಯಾಬಿನ ಇಂಟರ್ನೆಟ್ ಹಾದುಹೋಗುವ ಪ್ರೋಗ್ರಾಂ) ಪ್ಯಾಕೇಜ್ ಇದೆ ಅಂದುಕೊಳ್ಳಿ. ಅದರ ಸೆಟ್ಟಿಂಗ್ ಫೈಲಿನಲ್ಲಿ ಪೋರ್ಟ್ 3128 ಅಂತ ಬಂದಿತ್ತು. ಲ್ಯಾಬಿನ ಟೀಚರ್ 8080 ಮಾಡಿದರು. ಈಗ ವರ್ಷನ್ 2 ಬಂತು. ಏನು ಮಾಡಬೇಕು?

ಡಿಸ್ಕಿನ ಫೈಲನ್ನು ಹೊಸ ಪ್ಯಾಕೇಜಿನ ಫೈಲಿನ ಜೊತೆ ಹ್ಯಾಶ್ ನೋಡಿ ಹೋಲಿಸಿದರೆ ಸಾಲದಾ? ಸಾಲದು. ಎರಡೂ ಬೇರೆ ಅಂತಷ್ಟೇ ಗೊತ್ತಾಗುತ್ತದೆ. ಬದಲಾಯಿಸಿದ್ದು ಟೀಚರಾ, ಪ್ಯಾಕೇಜ್ ಮಾಡಿದವರಾ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಮೂರನೆಯ ಹ್ಯಾಶ್ ಬೇಕು: ಹಿಂದಿನ ಪ್ಯಾಕೇಜಿನ ಜೊತೆ ಬಂದ ಮೂಲ ಫೈಲಿನದು. ಇದನ್ನು ‘ದಾಖಲೆ’ ಅಂತ ಕರೆಯೋಣ.

ಡಿಸ್ಕೂ ದಾಖಲೆಯೂ ಒಂದೇ ಆದರೆ ಟೀಚರ್ ಮುಟ್ಟಿಲ್ಲ, ಹೊಸ ಫೈಲ್ ಹಾಕಿ. ಹೊಸದೂ ದಾಖಲೆಯೂ ಒಂದೇ ಆದರೆ ಪ್ಯಾಕೇಜ್ ಮಾಡಿದವರು ಮುಟ್ಟಿಲ್ಲ, ಟೀಚರದ್ದನ್ನು ಹಾಗೇ ಬಿಡಿ. ಡಿಸ್ಕೂ ಹೊಸದೂ ಒಂದೇ ಆದರೆ ಕೆಲಸವೇ ಇಲ್ಲ. ಮೂರೂ ಬೇರೆ ಬೇರೆಯಾದರೆ ಮಾತ್ರ ಜಗಳ, ಆಗ ಡಿಪಿಕೆಜಿ ಬಳಕೆದಾರರನ್ನೇ ಕೇಳುತ್ತದೆ. ಟೀಚರ್ ಫೈಲನ್ನೇ ಡಿಲೀಟ್ ಮಾಡಿದ್ದರೆ? ಅದೂ ಒಂದು ಬದಲಾವಣೆಯೇ. ಡಿಪಿಕೆಜಿ ಅದನ್ನು ತಾನಾಗಿ ಮತ್ತೆ ತಂದಿಡುವುದಿಲ್ಲ.

ಇಲ್ಲಿವರೆಗೆ ಸುಲಭ. ಕಷ್ಟ ಇರುವುದು ಇದರ ಮುಂದೆ. ವರ್ಷನ್ 2ರಲ್ಲಿ ಸೆಟ್ಟಿಂಗ್ ಫೈಲೂ ಬದಲಾಗಿತ್ತು, ಪ್ರಶ್ನೆ ಬಂತು, ಟೀಚರ್ ‘ನನ್ನದೇ ಇರಲಿ’ ಅಂದರು. ಅಪ್‌ಗ್ರೇಡ್ ಮುಗಿಯಿತು. ಈಗ ದಾಖಲೆಯಲ್ಲಿ ಯಾವ ಹ್ಯಾಶ್ ಬರೆಯಬೇಕು? ಮೂರು ದಾರಿ ಕಾಣುತ್ತದೆ.

ಒಂದು, ವರ್ಷನ್ 1ರ ಹ್ಯಾಶನ್ನೇ ಬಿಡುವುದು. ವರ್ಷನ್ 3ರಲ್ಲಿ ಸೆಟ್ಟಿಂಗ್ ಫೈಲ್ ಬದಲಾಗಲೇ ಇಲ್ಲ, ವರ್ಷನ್ 2ರದ್ದೇ ಇದೆ ಅಂತಿಟ್ಟುಕೊಳ್ಳಿ. ಆದರೂ ಅದು ವರ್ಷನ್ 1ಕ್ಕಿಂತ ಬೇರೆ, ಡಿಸ್ಕಿನದೂ ಬೇರೆ. ಮತ್ತೆ ಅದೇ ಪ್ರಶ್ನೆ. ಪ್ರತಿ ಅಪ್‌ಗ್ರೇಡಿಗೂ ಅದೇ ಪ್ರಶ್ನೆ.

ಎರಡು, ಈಗ ಡಿಸ್ಕಿನಲ್ಲಿ ಇರುವುದರ ಹ್ಯಾಶ್ ಬರೆಯುವುದು. ‘ಇರುವುದನ್ನೇ ಬರೆದಿಟ್ಟರೆ ಸರಿ’ ಅಂತ ಮೊದಲಿಗೆ ಯಾರಿಗಾದರೂ ಅನ್ನಿಸುತ್ತದೆ. ಆದರೆ ಮುಂದಿನ ಅಪ್‌ಗ್ರೇಡಿನಲ್ಲಿ ಏನಾಗುತ್ತದೆ ನೋಡಿ ಮಾರಾಯ್ರೇ: ಡಿಸ್ಕೂ ದಾಖಲೆಯೂ ಒಂದೇ, ಅಂದರೆ ಟೀಚರ್ ಮುಟ್ಟಿಲ್ಲ ಅಂತ ಪ್ರೋಗ್ರಾಂ ತಿಳಿಯುತ್ತದೆ. ಒಂದು ಮಾತೂ ಕೇಳದೆ ಹೊಸ ಫೈಲ್ ಹಾಕುತ್ತದೆ. 8080 ಹೋಯಿತು, ಲ್ಯಾಬಿನ ಇಂಟರ್ನೆಟ್ಟೂ ಹೋಯಿತು.

ಮೂರು, ವರ್ಷನ್ 2ರ ಜೊತೆ ಬಂದ ಫೈಲಿನ ಹ್ಯಾಶ್ ಬರೆಯುವುದು, ಆ ಫೈಲ್ ಡಿಸ್ಕಿಗೆ ಹೋಗದಿದ್ದರೂ. ಇದೇ ಸರಿ. ಮುಂದೆ ಪ್ಯಾಕೇಜ್ ಮಾಡಿದವರು ನಿಜವಾಗಿ ಬದಲಾಯಿಸಿದಾಗ ಮಾತ್ರ ಪ್ರಶ್ನೆ ಬರುತ್ತದೆ. ದಾಖಲೆಯಲ್ಲಿ ಇರಬೇಕಾದ್ದು ‘ಅವರು ಕೊನೆಗೆ ಏನು ಕಳಿಸಿದರು’ ಎಂಬುದೇ ಹೊರತು ‘ಇಲ್ಲಿ ಏನಿದೆ’ ಎಂಬುದಲ್ಲ. ಕಾಗದದ ಮೇಲೆ ಮೂರು ಕಾಲಂ ಎಳೆದು ವರ್ಷನ್ 3ರವರೆಗೆ ಒಮ್ಮೆ ತುಂಬಿಸಿ ನೋಡಿ. ಎರಡು ವರ್ಷನ್ನಿಗೆ ನಿಲ್ಲಿಸಿದರೆ ಮೂರೂ ದಾರಿ ಒಂದೇ ಥರ ಕಾಣುತ್ತವೆ.

ಇನ್ನು, ಕೇಳುವುದೇ ಬೇಡ ಅನ್ನುವ ಪದ್ಧತಿಯೂ ಇದೆ. ಆರ್ಚ್ ಲಿನಕ್ಸಿನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್ ನಮ್ಮ ಫೈಲನ್ನು ಹಾಗೇ ಬಿಟ್ಟು ಹೊಸದನ್ನು ಪ್ಯಾಕ್‌ನ್ಯೂ ಎಂಬ ಬಾಲ ಹಚ್ಚಿ ಪಕ್ಕದಲ್ಲಿ ಇಡುತ್ತದೆ. ರಾತ್ರಿ ತಾನಾಗಿ ಅಪ್‌ಗ್ರೇಡ್ ಆಗುವ ಲ್ಯಾಬ್ ಕಂಪ್ಯೂಟರಿಗೆ ಇದೇ ಮೇಲು. ಉತ್ತರ ಹೇಳಲು ಅಲ್ಲಿ ಯಾರಿರುತ್ತಾರೆ? ನಮ್ಮದರಲ್ಲಿ ಇದನ್ನೇ ಮಾಡುವುದು ಅಂತ ನನ್ನ ಓಟು.

ಸಹಿ

ಪ್ರತಿ ಪ್ಯಾಕೇಜಿಗೂ ಬೇರೆ ಬೇರೆ ಸಹಿ ಬೇಡ. ಡೆಬಿಯನ್ ಒಂದು ಪಟ್ಟಿಗೆ ಡಿಜಿಟಲ್ ಸಹಿ ಹಾಕುತ್ತದೆ, ಆ ಪಟ್ಟಿಯ ಮೂಲಕ ಎಲ್ಲ ಪ್ಯಾಕೇಜುಗಳ ಹ್ಯಾಶ್ ಸಿಗುತ್ತದೆ. ಪಟ್ಟಿಗೆ ಅವಧಿ ಮುಗಿಯುವ ದಿನಾಂಕವನ್ನೂ ಹಾಕಬೇಕು. ಇಲ್ಲದಿದ್ದರೆ ನಡುವಿನಲ್ಲಿ ಕೂತ ಕಳ್ಳ ಭದ್ರತೆಯಲ್ಲಿ ತೂತಿರುವ ಹಳೆಯ ಪ್ಯಾಕೇಜುಗಳ ಪಟ್ಟಿಯನ್ನೇ ಕೊಡುತ್ತಾ ಇರಬಹುದು. ಸಹಿ ಸರಿಯೇ ಇರುತ್ತದೆ!

ತೆಗೆದುಹಾಕುವಾಗ

ಡಿಪಿಕೆಜಿಯಲ್ಲಿ ರಿಮೂವ್ ಬೇರೆ, ಪರ್ಜ್ ಬೇರೆ. ಪರ್ಜ್ ಮಾಡಿದರೆ ಸೆಟ್ಟಿಂಗ್ ಫೈಲೂ ಹೋಗುತ್ತದೆ, ರಿಮೂವ್ ಮಾಡಿದರೆ ಅದು ಉಳಿಯುತ್ತದೆ. ಹಾಗಾದರೆ ಅದರ ದಾಖಲೆಯ ಹ್ಯಾಶ್ ಕೂಡ ಡೇಟಾಬೇಸಿನಲ್ಲಿ ಉಳಿಯಬೇಕು. ಪ್ಯಾಕೇಜಿನ ಸಾಲನ್ನು ಪೂರ್ತಿ ಅಳಿಸಿಬಿಟ್ಟರೆ, ನಾಳೆ ಮತ್ತೆ ಇನ್‌ಸ್ಟಾಲ್ ಮಾಡಿದಾಗ ನಮ್ಮ ಕೈಯಲ್ಲಿ ಪುನಃ ಎರಡೇ ಹ್ಯಾಶ್ ಇರುತ್ತವೆ.